ಏಳು ವರ್ಷದ ಹಂಗಾಮಿ

ಮಲೇಷ್ಯಾದ ನಿಲಾಯ್‌ನ ಖಾಸಗಿ ಕಾಲೇಜೊಂದರ ಹಾಸ್ಟೆಲಿನಲ್ಲಿ ಪುಟ್ಟಣ್ಣನವರ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದೆ: ‘ಹಂಗಾಮಿ ವಾರ್ಡನ್’. ಏಳು ವರ್ಷಗಳಲ್ಲಿ ಅವರು ಆ ಕಾಗದವನ್ನು ನಾಲ್ಕು ಸಲ ಬದಲಿಸಿದ್ದಾರೆ. ಬಿಸಿಲಿಗೆ ಅಕ್ಷರ ಮಾಸುತ್ತದೆ, ಹುದ್ದೆ ಮಾತ್ರ ಹಾಗೆಯೇ ಇದೆ.

ಹೊಸ ವಾರ್ಡನ್ ಬರುವವರೆಗೆ ಮೂರು ವಾರ ನೋಡಿಕೊಳ್ಳಿ ಎಂದು ಮೈಸೂರಿನ ಮೂಲ ಸಂಸ್ಥೆ ಅವರನ್ನು ಇಲ್ಲಿಗೆ ಕಳಿಸಿತ್ತು. ನಾಲ್ಕು ಅಂಗಿ, ಎರಡು ಪ್ಯಾಂಟು ತಂದಿದ್ದರು. ಹೊಸ ವಾರ್ಡನ್ ಬರಲೇ ಇಲ್ಲ. ಆರು ತಿಂಗಳಿಗೊಮ್ಮೆ ‘ಹಂಗಾಮಿಯಾಗಿ ಮುಂದುವರಿಸಲಾಗಿದೆ’ ಎಂಬ ಆದೇಶ ಬರುತ್ತಿತ್ತು. ಇಂದೋ ನಾಳೆಯೋ ಹೊರಡುವವರಿಗೆ ಮಂಚವೇಕೆ ಎಂದು ಮೊದಲ ವರ್ಷ ಚಾಪೆಯ ಮೇಲೆ ಮಲಗಿದರು. ಎರಡನೆಯ ವರ್ಷ ಬೆನ್ನು ನೋಯಲು ಶುರುವಾದಾಗ, ಕಾಲೇಜು ಬಿಟ್ಟುಹೋದ ವಿದ್ಯಾರ್ಥಿಯೊಬ್ಬನ ಮಂಚವನ್ನು ಸದ್ಯಕ್ಕೆಂದು ಒಳಗೆಳೆದುಕೊಂಡರು. ಅದರಲ್ಲೇ ಐದು ವರ್ಷ ಕಳೆಯಿತು.

ಈ ಪದದ ಬಗ್ಗೆ ಅವರಿಗೆ ಮೊದಲು ಬೇಸರವಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಗುಮಾಸ್ತರಾಗಿ ಇಪ್ಪತ್ತೆರಡು ವರ್ಷ ಅವರು ಕಂಡಿದ್ದೇ ಅದು. ಪ್ರಾಂಶುಪಾಲರು, ಗ್ರಂಥಪಾಲಕರು, ಕೊನೆಗೆ ತೋಟದ ಮೇಸ್ತ್ರಿ ಕೂಡ ಮೊದಲು ಹಂಗಾಮಿಯಾಗಿದ್ದವರೇ. ಅಲ್ಲಿ ಯಾರೂ ಅರ್ಜಿ ಹಾಕುತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ. ತಲೆ ತಗ್ಗಿಸಿ ಕೆಲಸ ಮಾಡಿದರೆ ಒಂದು ದಿನ ಆಡಳಿತ ಮಂಡಳಿಯಿಂದ ಖಾಯಂ ಆದೇಶ ಬರುತ್ತಿತ್ತು, ಆಮೇಲೆ ಎಲ್ಲರಿಗೂ ಮೈಸೂರುಪಾಕು. ಪುಟ್ಟಣ್ಣ ಇಲ್ಲೂ ಅದಕ್ಕೇ ಕಾದರು.

ಈ ವರ್ಷ ಕಾಯುವಂತಿರಲಿಲ್ಲ. ಮಗಳು ಭವ್ಯಶ್ರೀಯ ಮದುವೆ ಮುಂದಿನ ತಿಂಗಳ ಎರಡನೆಯ ವಾರ. ದೇವರ ಕಾರ್ಯದಿಂದ ಬೀಗರ ಔತಣದವರೆಗೆ ಹನ್ನೆರಡು ದಿನವಾದರೂ ಬೇಕು. ಹಂಗಾಮಿಗೆ ಸಿಗುವ ರಜೆ ಮೂರು ದಿನ. ಹೆಂಡತಿ ರತ್ನ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: “ಧಾರೆ ಎರೆಯೋಕೆ ಹಂಗಾಮಿ ಅಪ್ಪನ್ನ ಎಲ್ಲಿಂದ ತರ್ಲಿ, ಹೇಳಿ?”

ಬುಧವಾರ ಬೆಳಿಗ್ಗೆ ಪುಟ್ಟಣ್ಣ ಸಿಬ್ಬಂದಿ ವಿಭಾಗಕ್ಕೆ ಹೋದರು. ಅಲ್ಲಿನ ಅಧಿಕಾರಿ ಧಾರವಾಡದ ಕೀರ್ತಿರಾಜ್, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹೋಟೆಲಿನಿಂದ ತಪಾವ್ ಮಾಡಿ ಕಟ್ಟಿಸಿ ತಂದ, ತೆಂಗಿನ ಹಾಲಿನ ಅನ್ನ ನಾಸಿ ಲೆಮಾಕ್‌ನ ಪೊಟ್ಟಣ ಬಿಚ್ಚುತ್ತಿದ್ದ.

“ಹನ್ನೆರಡು ದಿನ? ಆಗೂದಿಲ್ರೀ ಸರ್. ಖಾಯಂ ಇದ್ದವ್ರಿಗಷ್ಟ.”

“ಹಂಗಾದ್ರೆ ಖಾಯಂ ಮಾಡಿ. ಏಳು ವರ್ಷ ಆಯ್ತಲ್ಲಪ್ಪ.”

ಕೀರ್ತಿರಾಜ್ ಕಂಪ್ಯೂಟರಿನತ್ತ ತಿರುಗಿದ. ಸ್ವಲ್ಪ ಹೊತ್ತು ನೋಡಿ, “ನೀವ್ ಅರ್ಜೀನ ಹಾಕಿಲ್ಲಲ್ರೀ?” ಎಂದ.

“ಯಾವ ಅರ್ಜಿ?”

“ವಾರ್ಡನ್ ಪೋಸ್ಟಿಗೆ. ಪ್ರತಿ ಜನವರಿ ನೋಟೀಸ್ ಕಳಸ್ತೀವಿ. ಹಾಸ್ಟೆಲ್ ಬೋರ್ಡಿಗೆ ಯಾರೂ ಹಚ್ಚೂದಿಲ್ಲೇನು?”

ಹಚ್ಚುತ್ತಿದ್ದವರು ಪುಟ್ಟಣ್ಣನವರೇ. ಪ್ರತಿ ಜನವರಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಡೊಂಕಾಗಿದೆಯೇ ಎಂದು ಹಿಂದೆ ಸರಿದು ನೋಡಿ, ಏಳು ಸಲ ಹಚ್ಚಿದ್ದರು. ಅದು ಬರಬೇಕಾದ ಹೊಸ ವಾರ್ಡನ್‌ಗಾಗಿ ಎಂದುಕೊಂಡಿದ್ದರು.

“ನಾನು ಆ ಕುರ್ಚೀಲೇ ಕೂತಿರೋದು ನಿಮಗೆ ಕಾಣ್ಲಿಲ್ವಾ? ಒಂದು ಮಾತು ಹೇಳಬಾರದಿತ್ತಾ?”

“ನಿಮಗ ಇಂಟ್ರೆಸ್ಟ್ ಇಲ್ಲ ಅನ್ಕೊಂಡ್ವಿ ಸರ್. ಬಾಗಿಲಿಗೆ ನೀವ ದೊಡ್ಡದಾಗಿ ಹಂಗಾಮಿ ಅಂತ ಬರಕೊಂಡೀರಿ.” ಅವನು ತಮಾಷೆ ಮಾಡುತ್ತಿರಲಿಲ್ಲ. “ಈಗ ಹಾಕ್ರಿ. ಮೂರು ತಿಂಗಳದಾಗ ಆಗ್ತದ.”

“ಮದುವೆ ಮುಂದಿನ ತಿಂಗಳು.”

“ಅಲ್ಲೀತನಕ ಹಂಗಾಮಿ ಇರ್ರಿ.”

“ನನ್ನ ಬದಲು ಬೇರೆ ಯಾರನ್ನಾದ್ರೂ ಹಾಕಿ.”

“ಹಂಗಾಮಿಗೆ ಮತ್ತೊಬ್ಬ ಹಂಗಾಮಿ ಹಾಕೂ ರೂಲ್ ಇಲ್ಲ. ಕ್ಯಾನಾಟ್ ಲಾ, ಸರ್.”

ಪುಟ್ಟಣ್ಣ ಹಾಸ್ಟೆಲಿಗೆ ಮರಳಿದಾಗ ಮಂಗಳೂರಿನ ವಿದ್ಯಾರ್ಥಿನಿ ಪ್ರಕೃತಿ ಮೆಟ್ಟಿಲ ಬಳಿ ನಿಂತಿದ್ದಳು. “ಅಂಕಲ್, ಗೀಸರ್ ಮೊನ್ನೆಯಿಂದ ಸರಿಯಿಲ್ಲ ಮಾರಾಯ್ರೆ. ರಿಪೇರಿ ಯಾವಾಗ?”

“ಸದ್ಯಕ್ಕೆ ತಣ್ಣೀರು,” ಎಂದರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿ ರೇಗಿತು. ಅಲ್ಲೇ ನಿಂತು ರಿಪೇರಿಯವನಿಗೆ ಫೋನ್ ಮಾಡಿ, ಸಂಜೆಯೊಳಗೆ ಬಾ ಎಂದು ಗದರಿದರು.

ಆಮೇಲೆ ಕೋಣೆಗೆ ಹೋಗಿ ಮೊದಲು ಅರ್ಜಿ ತುಂಬಿದರು. ಅನುಭವದ ಅಂಕಣದಲ್ಲಿ ‘ಇದೇ ಹುದ್ದೆಯಲ್ಲಿ ಏಳು ವರ್ಷ’ ಎಂದು ಬರೆದರು. ಮುಂದಿನ ತಿಂಗಳಿಗೆ ಹೋಗಿಬರುವ ಟಿಕೆಟ್ ತೆಗೆದರು. ಕೊನೆಗೆ ಇನ್ನೊಂದು ಹಾಳೆ ತೆಗೆದುಕೊಂಡು, ಮೈಸೂರಿನಲ್ಲಿ ನೂರಾರು ಸಲ ಬರೆದಿದ್ದ ಆದೇಶಗಳ ಶೈಲಿಯಲ್ಲೇ, ತಡವರಿಸದೆ ಬರೆದು ಸಹಿ ಹಾಕಿದರು.

ಮೂರು ಗಂಟೆಗೆ ಕೀರ್ತಿರಾಜನ ಮೇಜಿನ ಮೇಲೆ ಅರ್ಜಿ, ಅದರ ಪಕ್ಕ ಆ ಹಾಳೆ, ಅದರ ಮೇಲೆ ಹಾಸ್ಟೆಲಿನ ಇನ್ನೊಂದು ಕೀಲಿ ಗೊಂಚಲು ಇಟ್ಟರು. ಅವನು ಹಾಳೆಯನ್ನು ಗಟ್ಟಿಯಾಗಿ ಓದಿದ: “‘ಮಗಳ ಮದುವೆಯ ಪ್ರಯುಕ್ತ ನಾನು ಹಿಂತಿರುಗುವವರೆಗೆ ಶ್ರೀ ಕೀರ್ತಿರಾಜ್ ಅವರು ಹಂಗಾಮಿಯಾಗಿ...’ ಏನ್ರೀ ಸರ್ ಇದು? ರೂಲ್ ಇಲ್ಲ ಅಂದಿನಲ್ರೀ!”

“ಅದರ ನಕಲು ಬೋರ್ಡಿಗೆ ಹಚ್ಚಿದ್ದೀನಿ. ನಾಲ್ಕೂ ಮೂಲೆಗೆ ಪಿನ್ನು ಹಾಕಿ. ಕೆಲಸದಿಂದ ತೆಗೀಬೇಕು ಅನಿಸಿದ್ರೆ ತೆಗೀರಿ, ಧಾರೆ ಮಾತ್ರ ನಾನೇ ಎರೀತೀನಿ.”

ಕೀರ್ತಿರಾಜ್ ಗೊಂಚಲನ್ನು ಎತ್ತಿ ನೋಡಿದ. ಮೂವತ್ತೆಂಟು ಕೀಲಿಗಳಿದ್ದವು.

“ಎಷ್ಟ್ ದಿನಾ ನೋಡ್ಕೋಬೇಕ್ರೀ ನಾನು?”

ಪುಟ್ಟಣ್ಣ ಬಾಗಿಲು ದಾಟುತ್ತಿದ್ದರು. “ಸದ್ಯಕ್ಕೆ,” ಎಂದರು.