ಹಿಂದೆ ನಿಂತು ನೋಡುವ ಮಕ್ತುಮಸಾಬರು

ಮಾರಾಟಕ್ಕಿಟ್ಟ ಕಾರನ್ನು ಎಲ್ಲರೂ ಮುಂದಿನಿಂದ ನೋಡುತ್ತಾರೆ. ಮಕ್ತುಮಸಾಬರು ಮಾತ್ರ ನೇರ ಅದರ ಹಿಂದೆ ಹೋಗಿ, ಕೈ ಕಟ್ಟಿ, ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದರು. ಮಾಲೀಕ ಬಾನೆಟ್ ಎತ್ತಲು ಬಂದರೆ, "ಅದನ್ನ ಆಮ್ಯಾಲ ನೋಡೂಣಂತ. ಮೊದ್ಲ ನಡಸ್ರಿ, ನಡಿಗಿ ನೋಡಬೇಕು" ಅನ್ನುತ್ತಿದ್ದರು. ಪಾಪ, ಆತ ಕಾರು ನಡೆಸಿಕೊಂಡು ದೂರ ಹೋಗಬೇಕು. ಇವರು ಅದರ ಹಿಂಭಾಗವನ್ನೇ ನೋಡುತ್ತ ನಿಲ್ಲಬೇಕು.

ಅದು ಕಸುಬು ಕಲಿಸಿದ ಚಾಳಿ. ಹಾವೇರಿಯ ದನದ ಸಂತೆಯಲ್ಲಿ ಜೀವಮಾನವೆಲ್ಲ ದಲಾಲಿ ಮಾಡಿದವರು ಅವರು. ಮೆಹಂದಿ ಹಚ್ಚಿದ ಗಡ್ಡ, ಹೆಗಲಿಗೆ ಹಸಿರು ಟವೆಲ್ಲು, ಬಾಯಿ ತುಂಬ ಎಲೆಅಡಿಕೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ವಯಸ್ಸಾಗಿ ಸಂತೆ ಬಿಟ್ಟ ಮೇಲೆ ಓಣಿಯಲ್ಲಿ ಯಾರೇ ಹಳೆ ಕಾರು ಕೊಳ್ಳಲಿ, ಕರೆಯದಿದ್ದರೂ ಹೊರಟು ನಿಲ್ಲುತ್ತಿದ್ದರು. ಕಾರಿನ ವಿಷಯ ಅವರಿಗೆ ಎಷ್ಟು ಗೊತ್ತಿತ್ತೋ ದೇವರೇ ಬಲ್ಲ. ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಒಳಿತು ಕೆಡುಕು ಹೇಳುವಂತೆ ಕಾರಿಗೂ ಸುಳಿ ನೋಡುತ್ತಿದ್ದರು. ಎಡಗಡೆಯ ಹಿಂಬಾಗಿಲು ನೆಗ್ಗಿದ್ದರೆ ಮುಗಿಯಿತು, "ಈ ಸುಳಿ ಮನಿಗೆ ಆಗೂದಿಲ್ಲ." ನಾನು ನಕ್ಕರೆ, "ನಗ್ರಿ ಅಕ್ಕಾರ, ಶಾಲಿಯವ್ರಿಗೆ ನಗಾಕೂ ಪಗಾರ ಕೊಡ್ತಾರ" ಎಂದು ಮುಖ ತಿರುಗಿಸುತ್ತಿದ್ದರು.

ಖರೇ ಹೇಳಬೇಕೆಂದರೆ ಆಗ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಬಸ್ಸಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಎಡಗಾಲು ಮುರಿದುಕೊಂಡಿದ್ದೆ. ಮೂಳೆ ಕೂಡಿತು, ಬಲ ಕೂಡಲಿಲ್ಲ. ನಾನು ಕಲಿಸುವ ಹೊಸರಿತ್ತಿಯ ಶಾಲೆಗೆ ದಿನಾ ಬಸ್ಸು ಹತ್ತಿ ಇಳಿಯುವುದು ಆಗದ ಮಾತು. ಒಂದೋ ಸ್ವಂತ ಗಾಡಿ, ಇಲ್ಲವೋ ನೌಕರಿಗೆ ರಾಜೀನಾಮೆ. ಕ್ಲಚ್ಚಿಲ್ಲದ ಗಾಡಿ ನನ್ನ ಕೈಗೆಟುಕದು. ಗೇರಿನ ಸಣ್ಣ ಕಾರಾದರೆ ಕ್ಲಚ್ ಒತ್ತಬೇಕಾದದ್ದು ಅದೇ ಎಡಗಾಲು. ಸಪಾಟು ಮೈದಾನದಲ್ಲಿ ಹೇಗೋ ಓಡಿಸಲು ಕಲಿತಿದ್ದೆ. ಏರು ಬಂದರೆ ಕಾಲು ನಡುಗುತ್ತಿತ್ತು. "ನಿನ್ನ ಕಾಲಿಗೆ ಅದು ಆಗೂದಿಲ್ಲ ತಂಗಿ, ಮನ್ಯಾಗ ಆರಾಮ ಇರು" ಎಂದ ನಮ್ಮಣ್ಣ. ಆರಾಮ ಇರು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತೇ ಗೋಡೆಯಾಚೆ ಕೂಗಿ ಮಕ್ತುಮಸಾಬರನ್ನು ಕರೆದೆ.

ಮೊದಲು ಬ್ಯಾಡಗಿಗೆ ಹೋದೆವು. ಮೆಣಸಿನಕಾಯಿ ವ್ಯಾಪಾರಿಯೊಬ್ಬನ ಕೆಂಪು ಕಾರು, ಮದುವೆಗೆ ನಿಂತಂತೆ ಥಳಥಳ ಹೊಳೆಯುತ್ತಿತ್ತು. ನಡಿಗೆ ಪಾಸಾಯಿತು, ಸುಳಿ ಇರಲಿಲ್ಲ. "ಏಸಿ ಹಚ್ರಿ, ತಂಪು ನೋಡೂಣು" ಎಂದು ಮಕ್ತುಮಸಾಬರು ಒಳಗೆ ಕೂತರು. ಆತ ಹಚ್ಚಿದ. ಆ ಕಾರಿನಲ್ಲಿ ಎಷ್ಟು ಸುಗ್ಗಿಯ ಚೀಲ ಹೇರಿದ್ದನೋ, ಗಾಳಿಯ ಕಿಂಡಿಯಿಂದ ಖಾರದ ಧೂಳು ಭರ್ರನೆ ನಮ್ಮ ಮುಖಕ್ಕೇ ಬಂತು. ನಾವಿಬ್ಬರೂ ಸೀನಿ, ಕೆಮ್ಮಿ, ಕಣ್ಣು ಮೂಗು ಒಂದು ಮಾಡಿಕೊಂಡು ಹೊರಗೆ ಬಿದ್ದೆವು. ವ್ಯಾಪಾರಿಗೆ ಏನೂ ಆಗಲಿಲ್ಲ. "ಏನಾತ್ರಿ? ಗಾಳಿ ಛಲೋ ಬರ್ತೈತೆಲ್ಲ" ಅಂದ. ಹಾವೇರಿ ಮುಟ್ಟುವ ತನಕ ಮಕ್ತುಮಸಾಬರು ಸೀನುತ್ತಲೇ ಇದ್ದರು.

ಎರಡನೆಯದು ರಾಣೆಬೆನ್ನೂರಿನ ಬೀಜದಂಗಡಿಯವನ ಬಿಳಿ ಕಾರು. ಹೋಗುವ ಮುಂಚೆ ಒಪ್ಪಂದವಾಗಿತ್ತು: ಮಾರುವವರ ಎದುರು ಬಾಯಿ ಬಿಡಕೂಡದು. ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿಸುವ ಪದ್ಧತಿ, ನಮಗೂ ಅದೇ. ಒಂದು ಬೆರಳು ಹಿಡಿದರೆ ಎದ್ದು ಬರಬೇಕು, ಐದೂ ಹಿಡಿದರೆ ತಗೋಬೇಕು. ಅವರ ಮಗಳ ವಾರಿಗೆಯವಳು ನಾನು, ಸಂಕೋಚವೇನೂ ಇರಲಿಲ್ಲ. ಎಲ್ಲ ನೋಡಿ ಮುಗಿಸಿ ಕಟ್ಟೆಯ ಮೇಲೆ ಕೂತು, ಸೆಕೆಯೆಂಬ ನೆವದಲ್ಲಿ ಟವೆಲ್ಲು ಬಿಚ್ಚಿ ನಡುವೆ ಹರವಿದರು. ಅದರಡಿ ನನ್ನ ಐದೂ ಬೆರಳು ಹಿಡಿದರು.

ಎದುರಿಗೆ ಕೂತಿದ್ದ ಅಂಗಡಿಯವನ ಅಪ್ಪ, ಈರಪ್ಪಜ್ಜ, ಚಹಾದ ಕಪ್ಪು ಕೆಳಗಿಟ್ಟ.

"ಸಾಹೇಬ್ರ, ಐದೂ ಹಿಡದ್ರೆಲ್ಲ. ಇಂಥಾ ಟವೆಲ್ಲಿನಾಗ ನನ್ನ ಎಷ್ಟು ಜೋಡಿ ಎತ್ತು ಹೋಗ್ಯಾವ. ಮೊಣಕೈ ನೋಡಿದ್ರ ನನಗ ತಿಳೀತೈತಿ."

ಮಕ್ತುಮಸಾಬರ ಮುಖ ನೋಡಬೇಕಿತ್ತು. ಟವೆಲ್ಲು ತೆಗೆದು ಅದರಲ್ಲೇ ಬೆವರು ಒರೆಸಿಕೊಂಡರು. "ಗಾಡಿ ನೋಡಿದ್ದಾತು ಅಜ್ಜಾರ. ಇನ್ನ ಅಕ್ಕಾರನ್ನ ಗಾಡಿಗೆ ತೋರಸ್ಬೇಕು. ದೇವರಗುಡ್ಡದ ಏರಿಗೆ ಹೋಗಿಬರ್ತೇವಿ" ಎಂದರು. "ನಾನೂ ಬರ್ತೇನಿ ತಡೀರಿ, ಗುಡ್ಡದ ಮಾಲತೇಶ ದೇವರಿಗೆ ಕೈ ಮುಗದಂಗಾತು" ಎಂದು ಅಜ್ಜ ಮುಂದಿನ ಸೀಟು ಹಿಡಿದ.

ಗುಡ್ಡದ ಏರಿನ ಅರ್ಧಕ್ಕೆ ಹಿಂದಿನ ಸೀಟಿನಿಂದ ಅಪ್ಪಣೆ ಬಂತು: "ನಿಂದ್ರಸ್ರಿ. ಈಗ ಎತ್ರಿ." ಕ್ಲಚ್ ಬಿಟ್ಟೆ, ಎಂಜಿನ್ ಸತ್ತಿತು, ಗಾಡಿ ಹಿಂದೆ ಸರಿಯಿತು. ಬ್ರೇಕ್ ತುಳಿದು ಮತ್ತೆ ಪ್ರಯತ್ನಿಸಿದೆ, ಮತ್ತೆ ಹಾಗೇ. ಅಜ್ಜ ಗುಡ್ಡದ ಕಡೆ ಮುಖ ಮಾಡಿ ಅಲ್ಲಿಂದಲೇ ಕೈ ಮುಗಿಯತೊಡಗಿದ. ಎಡಗಾಲು ಗಡಗಡ ನಡುಗುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು, "ಇದು ನನ್ನಿಂದ ಆಗೂದಿಲ್ಲರಿ. ನಮ್ಮಣ್ಣ ಅಂದದ್ದ ಖರೇ" ಎಂದೆ. ನಿಜವಾಗಿಯೂ ಅಳು ಬಂದಿತ್ತು.

ಮಕ್ತುಮಸಾಬರು ಬಾಗಿಲು ತೆಗೆದು ಇಳಿದರು. ಎಲೆ ಉಗುಳಲು ಇರಬೇಕು ಅಂದುಕೊಂಡೆ. ಕಾರಿನ ಹಿಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡು ಎದ್ದವರು, ಕನ್ನಡಿಯಲ್ಲಿ ನೋಡುತ್ತೇನೆ, ಅಲ್ಲೇ ಕೈ ಕಟ್ಟಿ ನಿಂತಿದ್ದಾರೆ.

"ಸರೀರಿ ಅಲ್ಲಿಂದ, ಸಾಯ್ತೀರಿ" ಎಂದು ಕಿರುಚಿದೆ.

"ನಾ ಯಾವತ್ತೂ ಹಿಂದ ನಿಂತಾವ. ಲಗೂನ ಎತ್ರಿ, ಬಿಸಲು ಐತಿ."

ಅವರ ಹಟಕ್ಕೂ, ಗಡ್ಡಕ್ಕೂ, ಇಡೀ ದನದ ಸಂತೆಗೂ ಸೇರಿಸಿ ಬೈದೆ. ಆ ಸಿಟ್ಟಿನಲ್ಲಿ ಕಾಲು ನಡುಗುವುದನ್ನೇ ಮರೆಯಿತು. ಕ್ಲಚ್ಚನ್ನು ಅರ್ಧಕ್ಕೆ ತಂದೆ, ಗಾಡಿ ಮೂಗು ಎತ್ತಿತು, ಹ್ಯಾಂಡ್‌ಬ್ರೇಕ್ ಬಿಟ್ಟೆ. ಒಂದು ಬೊಟ್ಟೂ ಹಿಂದೆ ಸರಿಯದೆ ಕಾರು ಏರು ಹತ್ತಿತು. ಮೇಲೆ ನಿಲ್ಲಿಸಿ ಕಾದೆ. ಅವರು ಏದುಸಿರು ಬಿಡುತ್ತ ನಡೆದು ಬಂದು, "ನಡಿಗಿ ಛಲೋ ಐತಿ" ಎಂದಷ್ಟೇ ಹೇಳಿ ಹಿಂದಿನ ಸೀಟಿನಲ್ಲಿ ಕೂತರು. ಕಾರು ನಮ್ಮ ಮನೆಗೆ ಬಂತು, ನೌಕರಿ ಉಳಿಯಿತು.

ಅವರ ಧೈರ್ಯದ ಈ ಕಥೆಯನ್ನು ನಾನು ಹೇಳದ ಮದುವೆಯಿಲ್ಲ, ಮುಂಜಿಯಿಲ್ಲ. ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಬಂದವರೆದುರು ಮತ್ತೆ ಅದನ್ನೇ ಹೇಳುತ್ತಿದ್ದೆ. ಮಕ್ತುಮಸಾಬರು ಕಣ್ಣು ತೆರೆದು ಸಣ್ಣಗೆ ನಕ್ಕರು.

"ಅಕ್ಕಾರ, ಅವತ್ತು ಎರಡೂ ಗಾಲಿ ಹಿಂದ ಕಲ್ಲು ಇಟ್ಟಿದ್ದೆ. ನಾನೇನು ಹುಚ್ಚನೇನ್ರಿ?"

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಮುಂದಿನ ವಾರ ಅವರು ಹೋದರು.

ಶಾಲೆಯ ದಾರಿಯಲ್ಲಿ ಒಂದು ಏರಿದೆ. ಕುರಿ ಅಡ್ಡ ಬಂದು ಎಷ್ಟೋ ಸಲ ಅಲ್ಲೇ ನಿಲ್ಲಿಸಬೇಕಾಗುತ್ತದೆ. ಆಗೆಲ್ಲ ಒಮ್ಮೆ ಕನ್ನಡಿ ನೋಡಿಕೊಳ್ಳುತ್ತೇನೆ. ಹಿಂದೆ ಮಕ್ತುಮಸಾಬರಿಲ್ಲ, ಕಲ್ಲೂ ಇಲ್ಲ. ಅವರಿಗೂ ಕೇಳಲೆಂದು ಒಂದು ಬೈಗಳು ಬೈದು ಕ್ಲಚ್ ಬಿಡುತ್ತೇನೆ. ಗಾಡಿ ಏರುತ್ತದೆ.