ಗೋಧಿ ಎದ್ದು ನಿಲ್ಲುವ ಮುನ್ನ

ಮೇ ತಿಂಗಳ ಕೊನೆಯ ವಾರ. ಅಮೆರಿಕದ ಕ್ಯಾನ್ಸಸ್‌ ಬಯಲಿನಲ್ಲಿ ಗೋಧಿ ತೆನೆ ಬಿಟ್ಟು ಹಾಲು ತುಂಬಿಕೊಳ್ಳುತ್ತಿದೆ, ಬಣ್ಣ ಇನ್ನೂ ಹಸಿರು. ಮಂಗಳವಾರ ಬೆಳಗಿನ ಆರು ಗಂಟೆಗೆ ವೆಲ್ಡಾ ಕ್ಲೀವರ್ ಆ ಹಸಿರಿನ ನಡುವೆ ಮಂಡಿಯೂರಿ ಕೂತಿದ್ದಾರೆ. ಇಬ್ಬನಿಗೆ ಪ್ಯಾಂಟು ತೊಡೆಯವರೆಗೆ ತೊಯ್ದಿದೆ. ನೆಲಕ್ಕೆ ಮಲಗಿದ ಒಂದು ಹಿಡಿ ಗೋಧಿಯ ಪಕ್ಕ ದಿಕ್ಸೂಚಿ ಇಟ್ಟು, ದಂಟು ಯಾವ ಕಡೆಗೆ ಬಿದ್ದಿದೆ ನೋಡಿ, ಪುಸ್ತಕದಲ್ಲಿ ಒಂದು ಬಾಣ ಬರೆಯುತ್ತಾರೆ. ಹತ್ತು ಹೆಜ್ಜೆ ನಡೆಯುತ್ತಾರೆ. ಮತ್ತೆ ಮಂಡಿಯೂರುತ್ತಾರೆ.

ರಸ್ತೆಬದಿಯ ಪಿಕಪ್ಪಿನಿಂದ ತಂಗಿ ಆರ್ಲೀನ್ ಕೂಗುತ್ತಾರೆ: "ಅಕ್ಕಾ, ಚರ್ಚಲ್ಲಿ ಇಷ್ಟೊತ್ತು ಮಂಡಿಯೂರಿದ್ರೆ ದೇವರು ಎಂದೋ ಒಲಿದುಬಿಡ್ತಿದ್ದ!"

"ಸುಮ್ನೆ ಬನ್ ತಿನ್ನೇ," ಎನ್ನುತ್ತಾರೆ ವೆಲ್ಡಾ, ತಲೆ ಎತ್ತದೆ. "ನಾಳೆ ಸಂಜೆಗೆ ಇದೆಲ್ಲ ಎದ್ದು ನಿಲ್ಲತ್ತೆ. ಆಮೇಲೆ ಏನನ್ನ ಓದ್ಲಿ, ನಿನ್ನ ಮುಖಾನಾ?"

ಹಸಿರು ಗೋಧಿಯ ಗುಣವೇ ಅದು. ಬಿದ್ದರೆ ಬಿದ್ದಲ್ಲಿ ಇರುವುದಿಲ್ಲ. ಗೆಣ್ಣಿನ ಹತ್ತಿರ ಬಗ್ಗಿ, ಮೂರು ದಿನದಲ್ಲಿ ತಲೆ ಮೇಲಕ್ಕೆತ್ತುತ್ತದೆ. ರೈತನಿಗೆ ಅದು ವರ, ವೆಲ್ಡಾಗೆ ಗಡುವು.

ಭಾನುವಾರ ಸಂಜೆ ಮೂರು ಕೌಂಟಿಗಳಲ್ಲಿ ಒಂಬತ್ತು ಸುಂಟರಗಾಳಿಗಳು ಇಳಿದವು. ಆಲ್ಟೆನಾವ್ ಊರಿನ ಉತ್ತರಕ್ಕೆ ಹಾದುಹೋದದ್ದನ್ನು ಅಕ್ಕತಂಗಿಯರು ಪಿಕಪ್ಪಿನಲ್ಲಿ ಬೆನ್ನಟ್ಟಿದ್ದರು. ಆರೂ ಮೂವತ್ತೆಂಟಕ್ಕೆ ಆಲಿಕಲ್ಲು ಮುಂದಿನ ಗಾಜನ್ನು ಪುಡಿ ಮಾಡಿತು. ಮಳೆಯ ಪರದೆ ಬಿದ್ದು ಸುಂಟರಗಾಳಿಯ ಸೊಂಡಿಲು ಕಣ್ಣಿಗೆ ಕಾಣದಾಯಿತು. ಮುಂದಿನ ಹದಿನಾಲ್ಕು ನಿಮಿಷ ಏನಾಯಿತೆಂದು ಕಂಡವರು ಒಬ್ಬರೇ: ಅಗ್ನಿಶಾಮಕ ಠಾಣೆಯ ಮಾಳಿಗೆ ಏರಿದ್ದ ಡೆಲ್ಮರ್ ಶ್ರಾಗ್. ಗಾಳಿ ಬಂದಾಗ ಊರನ್ನು ಎಚ್ಚರಿಸುವ ಸೈರನ್ನಿನ ಕೀಲಿ ಇಪ್ಪತ್ತೊಂಬತ್ತು ವರ್ಷದಿಂದ ಅವರ ಬಳಿ ಇದೆ.

ಸೊಂಡಿಲು ಹಗ್ಗದಷ್ಟು ತೆಳುವಾಗಿ ಕರಗಿದ್ದನ್ನು ತಾವು ನೋಡಿದ್ದಾಗಿ ಹೇಳುತ್ತಾರೆ ಡೆಲ್ಮರ್. ಆರೂ ನಲವತ್ತಮೂರಕ್ಕೆ ಸೈರನ್ ನಿಲ್ಲಿಸಿದರು. ಐವತ್ತೆರಡಕ್ಕೆ ಇನ್ನೊಂದು ಇಳಿಯಿತು, ಮರುನಿಮಿಷವೇ ಮತ್ತೆ ಕೂಗಿಸಿದರು. ಅಷ್ಟರಲ್ಲಿ ರೈತ ಹಾರ್ಲನ್ ಗೋರಿಂಗ್, ಸೈರನ್ ನಿಂತಿತಲ್ಲ ಎಂದು, ನೆಲಮಾಳಿಗೆಯಿಂದ ಎದ್ದು ಕರುಗಳನ್ನು ಎಣಿಸಲು ದೂರದ ಕೊಟ್ಟಿಗೆಗೆ ಹೋಗಿಯಾಗಿತ್ತು. ಕೊಟ್ಟಿಗೆ ಮೈಮೇಲೆ ಬಿದ್ದು ತೋಳು ಎರಡು ಕಡೆ ಮುರಿಯಿತು.

ಸೋಮವಾರ ಹವಾಮಾನ ಕಚೇರಿಯವರು ಬಂದು ರಸ್ತೆಯಲ್ಲೇ ಸುತ್ತಿ, ಮುರಿದ ಕಂಬಗಳನ್ನು ನೋಡಿ, ನಕ್ಷೆಯ ಮೇಲೆ ಹದಿನಾಲ್ಕು ಮೈಲಿಯ ಒಂದೇ ಗೆರೆ ಎಳೆದರು. ಒಂದೇ ಗೆರೆ ಎಂದರೆ ಒಂದೇ ಗಾಳಿ. ಅದು ನೆಲದ ಮೇಲಿದ್ದಾಗಲೇ ಡೆಲ್ಮರ್ ಸೈರನ್ ನಿಲ್ಲಿಸಿದರು ಎಂದಾಯಿತು. ಕೀಲಿ ಕಿತ್ತುಕೊಳ್ಳಲು ಗುರುವಾರ ಊರ ಸಭೆ ಕರೆದಿದ್ದಾರೆ.

"ಡೆಲ್ಮರ್ ಸುಳ್ಳು ಹೇಳೋನಲ್ಲ. ಆದ್ರೆ ನಾನು ಅಂದ್ರೆ ಯಾರು ಕೇಳ್ತಾರೆ? ನೆಲ ಹೇಳ್ಬೇಕು," ಎನ್ನುತ್ತಾರೆ ವೆಲ್ಡಾ.

ಅರವತ್ತಮೂರರ ವೆಲ್ಡಾ ಶಾಲೆಯ ಬಸ್ಸು ಓಡಿಸುತ್ತಾರೆ. ದಿನಕ್ಕೆ ಎಪ್ಪತ್ತೆರಡು ಮೈಲಿ, ಮೂವತ್ತೊಂದು ಮಕ್ಕಳು. ಶಾಲೆಗೆ ರಜೆ ಬಿದ್ದೊಡನೆ ಗಾಳಿಯ ಹಿಂದೆ ಬೀಳುತ್ತಾರೆ. ಬೆನ್ನಟ್ಟುವವರು ಬಹಳ ಮಂದಿ ಇದ್ದಾರೆ. ಚಿತ್ರ ಸಿಕ್ಕಿತೆಂದರೆ ಮನೆ ಸೇರುತ್ತಾರೆ. ವೆಲ್ಡಾರ ಕೆಲಸ ಶುರುವಾಗುವುದು ಆಮೇಲೆ. ಇಪ್ಪತ್ತೆರಡು ವರ್ಷದಲ್ಲಿ, ಗಾಳಿ ನೆಲದ ಮೇಲೆ ಬಿಟ್ಟುಹೋದ ನಲವತ್ತೊಂದು ಜಾಡುಗಳನ್ನು ಮೊದಲಿಂದ ಕೊನೆಯವರೆಗೆ ನಡೆದು ಮುಗಿಸಿದ್ದಾರೆ. ಸಂಬಳವಿಲ್ಲ, ಬಿಲ್ಲೆಯಿಲ್ಲ. ಎರಡು ಮಂಡಿಗೂ ಶಸ್ತ್ರಚಿಕಿತ್ಸೆಯಾಗಿದೆ. ಗಂಡ ತೀರಿಕೊಂಡ ವರ್ಷ ಮಾತ್ರ ಒಂದು ಜಾಡು ತಪ್ಪಿಸಿಕೊಂಡರಂತೆ. ಅದರ ಬಗ್ಗೆ ಈಗಲೂ ಬೇಸರ.

ಮಂಗಳವಾರ ಕತ್ತಲಾಗುವವರೆಗೆ ಒಂಬತ್ತು ಮೈಲಿ ನಡೆದು ಆರುನೂರ ಹನ್ನೆರಡು ಬಾಣ ಬರೆದುಕೊಂಡರು. ಬುಧವಾರ ಬೆಳಿಗ್ಗೆ ಕಚೇರಿಗೆ ಫೋನು ಮಾಡಿ ಬೈದದ್ದಕ್ಕೆ ಟ್ರೆಂಟ್ ಮೊಬರ್ಲಿ ಎಂಬ ಯುವ ಅಧಿಕಾರಿ ಬಂದು ನಿಂತಿದ್ದಾರೆ. ಹೊಸ ಬೂಟು.

"ಮೇಡಂ, ಗಾಳಿ ಒಂದಲ್ಲ ಎರಡು, ನಡುವೆ ಏನೂ ಹೋಗಿಲ್ಲ ಅಂತೀರಿ. ಅಲ್ಲಿರೋದು ಬರೀ ಹುಲ್ಲುಗಾವಲು. ಮುರಿಯೋಕೆ ಏನೂ ಇಲ್ಲದ ಕಡೆ ಗುರುತು ಎಲ್ಲಿಂದ ಬರಬೇಕು?"

"ಬೇಲಿ ಇದ್ಯಲ್ಲಪ್ಪ. ಬಾ."

ಮೊದಲ ಬೇಲಿಯ ಮುಳ್ಳುತಂತಿಗೆ ಹುಲ್ಲು, ತಗಡಿನ ಚೂರು, ಯಾರದೋ ಕಾಲುಚೀಲ ಸಿಕ್ಕಿಕೊಂಡಿವೆ. ಒಂದು ಮೈಲಿ ಮುಂದಿನ ಬೇಲಿಯಲ್ಲಿ ಮುಳ್ಳುಗಳೆಲ್ಲ ಬರಿದು. ಜೇಡರಬಲೆ ಮಾತ್ರ ಮಿನುಗುತ್ತಿದೆ.

"ಜೇಡ ಒಂದೇ ರಾತ್ರೀಲಿ ಬಲೆ ನೇಯತ್ತೆ ಮೇಡಂ."

"ಸರಿ, ಜೇಡದ ಮಾತು ಬಿಡು. ಇದನ್ನ ನೋಡು." ವೆಲ್ಡಾ ಹುಲ್ಲನ್ನು ಎರಡು ಬೆರಳಲ್ಲಿ ಸರಿಸುತ್ತಾರೆ. ಹಳದಿ ಎದೆಯ ಹಕ್ಕಿಯೊಂದು ಪುರ್ರನೆ ಹಾರುತ್ತದೆ. ನೆಲದ ಮೇಲೆ ಗೂಡು, ಮೇಲೆ ಹುಲ್ಲಿನದೇ ಚಾವಣಿ, ಒಳಗೆ ನಾಲ್ಕು ಮೊಟ್ಟೆ. "ಈ ಚಾವಣಿ ಎರಡು ದಿನದ್ದಲ್ಲ. ಇಂಥವು ಈ ಕಡೆ ಮೂರು, ಆ ಕಡೆ ಎರಡು ಸಿಕ್ಕಿವೆ. ನಿಮ್ಮ ಗಾಳಿ ಇದರ ಮೇಲೆ ಹೋಗಿದ್ರೆ ಟೋಪಿ ತೆಗೆದು ನಮಸ್ಕಾರ ಹೇಳಿ ಹೋಗಿರ್ಬೇಕು."

ವೆಲ್ಡಾ ಪುಸ್ತಕದ ಹಾಳೆಗಳನ್ನು ಬಿಚ್ಚಿ ಪಿಕಪ್ಪಿನ ಮುಂಭಾಗದ ಮೇಲೆ ಸಾಲಾಗಿ ಹರಡುತ್ತಾರೆ. ಬಾಣಗಳು ತಾವೇ ಹೇಳುತ್ತವೆ: ಮೊದಲನೆಯ ಜಾಡು ಕಿರಿದಾಗುತ್ತಾ ಉತ್ತರಕ್ಕೆ ತಿರುಗಿ, ಅಡುಗೆಮನೆಯಷ್ಟಗಲದ ಒಂದು ಸುಳಿಯಲ್ಲಿ ಮುಗಿಯುತ್ತದೆ. ಇನ್ನೊಂದು ಹುಟ್ಟುವುದು ಒಂದೂಮುಕ್ಕಾಲು ಮೈಲಿ ಪೂರ್ವಕ್ಕೆ, ಅರ್ಧ ಮೈಲಿ ದಕ್ಷಿಣಕ್ಕೆ. ಟ್ರೆಂಟ್ ಆ ಸುಳಿಯ ಜಾಗಕ್ಕೆ ಹೋಗಿ ತಾವೇ ಮಂಡಿಯೂರುತ್ತಾರೆ. ಗೋಧಿ ಆಗಲೇ ಗೆಣ್ಣಲ್ಲಿ ಬಗ್ಗಿ ತಲೆ ಎತ್ತುತ್ತಿದೆ. ಇನ್ನು ಅರ್ಧ ದಿನವಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ. ಅವರು ನಿಂತಲ್ಲಿಂದಲೇ ಕಚೇರಿಗೆ ಫೋನು ಮಾಡುತ್ತಾರೆ: "ಗೆರೆ ಅಳಿಸಿ. ಎರಡು."

ಗುರುವಾರ ಸಂಜೆ ಶಾಲೆಯ ಆಟದ ಸಭಾಂಗಣದಲ್ಲಿ ಕೂರಲು ಜಾಗವಿಲ್ಲ. ಟ್ರೆಂಟ್ ಹೊಸ ನಕ್ಷೆ ತೂಗುಹಾಕಿ, ಮೊದಲನೆಯದು ಆರೂ ನಲವತ್ತೊಂದಕ್ಕೆ ಸತ್ತಿತ್ತೆಂದು ವಿವರಿಸುತ್ತಾರೆ. ಸೈರನ್ ನಿಂತದ್ದು ಅದಾಗಿ ಎರಡು ನಿಮಿಷಕ್ಕೆ. ಜನ ಡೆಲ್ಮರ್ ಕಡೆ ತಿರುಗುತ್ತಾರೆ. ಅವರು ತಮ್ಮ ಬೂಟು ನೋಡುತ್ತಾ ಕೂತಿದ್ದಾರೆ.

ಆಗ ಹಿಂದಿನ ಸಾಲಿಂದ ಹಾರ್ಲನ್ ಏಳುತ್ತಾರೆ, ತೋಳು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ. "ಡೆಲ್ಮರ್, ಮೂರು ದಿನದಿಂದ ಊರಿಡೀ ನಿನ್ನ ಬೈಕೊಂಡು ಬಂದಿದೀನಿ. ಆ ಮಾತೆಲ್ಲ ವಾಪಸ್ ತಗೋಬೇಕು ಅಂದ್ರೆ ಮತ್ತೆ ಊರಿಡೀ ಸುತ್ತಬೇಕಲ್ಲೋ."

"ಸುತ್ತು," ಎನ್ನುತ್ತಾರೆ ಡೆಲ್ಮರ್. "ಮುರಿದಿರೋದು ಕೈ, ಕಾಲಲ್ಲ."

ಸಭಾಂಗಣವೆಲ್ಲ ಬಿದ್ದುಬಿದ್ದು ನಗುತ್ತದೆ. ಕೀಲಿ ಡೆಲ್ಮರ್ ಬಳಿಯೇ ಇರಲಿ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಮೇಲೆದ್ದದ್ದು ಹಾರ್ಲನ್ನರ ಮುರಿಯದ ಕೈ. ಹಿಂದೆಯೇ ನೂರಾರು ಕೈ. ಯಾರೋ ಕಾಲು ಬಡಿಯಲು ಶುರುಮಾಡುತ್ತಾರೆ. ಮರದ ನೆಲ ಗುಡುಗುತ್ತದೆ. ಆರ್ಲೀನ್ ಅಕ್ಕನನ್ನು ಮುಂದಕ್ಕೆ ನೂಕುತ್ತಾರೆ. ಅಕ್ಕ ಕಾಫಿ ಪಾತ್ರೆಯ ಹಿಂದೆ ಸರಿಯುತ್ತಾರೆ.

ಕಚೇರಿಯ ವರದಿಯಲ್ಲಿ ಅವರ ಹೆಸರಿಲ್ಲ, 'ಸ್ಥಳೀಯರೊಬ್ಬರ ಮಾಹಿತಿಯಂತೆ' ಎಂದಷ್ಟೇ ಇದೆ. ಬೇಸರವಿಲ್ಲವೇ ಎಂದರೆ ವೆಲ್ಡಾ ಗೋಡೆಯ ನಕ್ಷೆಯ ಹತ್ತಿರ ಹೋಗಿ ಎರಡು ಗೆರೆಗಳ ನಡುವಿನ ಬಿಳಿ ಜಾಗದ ಮೇಲೆ ಹೆಬ್ಬೆರಳು ಒತ್ತುತ್ತಾರೆ.

"ಹೆಸರು ಯಾಕೆ? ಇಲ್ಲಿ ಏನೂ ಬರೆಯದೆ ಬಿಟ್ಟಿದಾರಲ್ಲ, ಒಂದೂಮುಕ್ಕಾಲು ಮೈಲಿ. ಇದು ನಂದು."