ಪುನರ್ಪುಳಿ ಸಾರಿನೊಳಗಿನ ಬೀಟ್ರೂಟ್

ಅಮ್ಮನ ಗರ್ಭಕೋಶದ ಆಪರೇಷನ್ನಿಗೆ ದಿನ ಸಿಗದೆ ಇದ್ದದ್ದು ರಕ್ತದ ಕಾರಣಕ್ಕೆ. ಹಿಮೋಗ್ಲೋಬಿನ್ ಏರದೆ ಆಗುವುದಿಲ್ಲ ಎಂದು ಮಣಿಪಾಲದ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಸೊಪ್ಪು, ಬೀಟ್ರೂಟ್ ತಿನ್ನಲಿ ಎಂದೂ ಹೇಳಿದ್ದರು. ನಾನು ಪರ್ಕಳದ ಬಾಡಿಗೆ ಕೋಣೆಗೆ ಬೀಗ ಹಾಕಿ ಕಾಪುವಿನ ಮನೆಗೆ ಬಂದೆ. ಬೆಳಿಗ್ಗೆ ಬೀಟ್ರೂಟ್ ರುಬ್ಬಿ, ಸೋಸಿ, ಲಿಂಬೆ ಹಿಂಡಿ ಅಮ್ಮನ ಮುಂದೆ ಹಿಡಿಯುವುದು ನನ್ನ ಕೆಲಸ.

“ಗದ್ದೆಯ ಕೆಸರು ನೀರು ಕುಡಿದ ಹಾಗೆ ಆಗ್ತದೆ ಮಾರಾಯ್ತಿ. ನೀನೇ ಕುಡಿ, ಮುಖ ಕೆಂಪಾಗಲಿ.”

ನಾವು ಮನೆಯಲ್ಲಿ ಆಡುವುದು ತುಳು. ಅಮ್ಮನ ಈ ಮಾತನ್ನು ಕನ್ನಡಕ್ಕೆ ತರುವಾಗ ನಾನೇ ಸ್ವಲ್ಪ ರುಚಿ ಸೇರಿಸಿರಬಹುದು. ಲೋಟ ಮಾತ್ರ ಒಂದು ಗುಟುಕು ಕಡಿಮೆಯಾಗಿ ಸಂಜೆಯವರೆಗೆ ಕಿಟಕಿಯ ದಂಡೆಯಲ್ಲೇ ಇರುತ್ತಿತ್ತು.

ಕಾರ್ಕಳದಿಂದ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಬೀಟ್ರೂಟ್ ಡಬ್ಬಿಗಳನ್ನು ಹೊತ್ತು ಬಂದದ್ದು ಆಗ. ಅವಳ ಮಗಳು ಗಲ್ಫಿನಿಂದ ತಂದದ್ದು. ಬೇಯಿಸಿದ ಬಿಲ್ಲೆಗಳು ಸಿಹಿ ಬೆರೆಸಿದ ವಿನೆಗರ್ ನೀರಿನಲ್ಲಿ ಮುಳುಗಿದ್ದವು. ಅಮ್ಮ ಬಿಲ್ಲೆಗಳಿಗೆ ಕಾಯಿತುರಿ ಹಾಕಿ ಪಲ್ಯ ಮಾಡಿದಳು. ಉಳಿದ ಕೆಂಪು ನೀರನ್ನು ಚೆಲ್ಲಲು ಮನಸ್ಸಾಗದೆ ಬೆರಳದ್ದಿ ನೆಕ್ಕಿದಳು. ನಮ್ಮ ಕಡೆಯವರಿಗೆ ಕೆಂಪಗೆ, ಹುಳಿಯಾಗಿ ಇರುವುದೆಲ್ಲ ಪುನರ್ಪುಳಿಯೇ, ಅಂದರೆ ಮುರುಗಲ ಹಣ್ಣೇ. ನಾವು ನೋಡುವಷ್ಟರಲ್ಲಿ ಅದಕ್ಕೆ ನೀರು, ಉಪ್ಪು, ಹಸಿಮೆಣಸು ಬಿದ್ದು, ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಎಂದಿತ್ತು.

“ಅಯ್ಯೋ ಅಕ್ಕ, ಅದು ವಿನೆಗರ್!”

“ಆಗಲಿ. ಹುಳಿ ಉಂಟಲ್ಲ?”

ಆ ಮಧ್ಯಾಹ್ನ ಅಮ್ಮ ಆ ಸಾರನ್ನು ಅನ್ನಕ್ಕೆ ಕಲಸಿ ಉಂಡು, ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಕುಡಿದಳು. ಅಕ್ಕ ತಂಗಿ ತುಂಬ ನಕ್ಕರು ಎಂದು ನನ್ನ ನೆನಪು. ನಕ್ಕಿರಲಿಕ್ಕಿಲ್ಲ, ಬೈದಾಡಿಕೊಂಡಿರಲೂಬಹುದು, ಅವರಿಬ್ಬರಲ್ಲಿ ಎರಡೂ ಒಂದೇ ಸದ್ದಿನಲ್ಲಿ ನಡೆಯುತ್ತದೆ.

ಮರುದಿನದಿಂದ ಒಣಗಿಸಿಟ್ಟ ಪುನರ್ಪುಳಿ ಸಿಪ್ಪೆಯ ಸಾರಿಗೆ ನಾನು ಗುಟ್ಟಾಗಿ ಬೀಟ್ರೂಟ್ ರಸ ಬೆರೆಸತೊಡಗಿದೆ. ಕೆಂಪಿನಲ್ಲಿ ಕೆಂಪು ಕಾಣಲಿಲ್ಲ. ಅಮ್ಮ ಕೇಳಿ ಕೇಳಿ ಹಾಕಿಸಿಕೊಂಡಳು. ಇದು ನನ್ನ ಉಪಾಯವೆಂದು ಹಲವರಿಗೆ ಹೇಳಿದ್ದೇನೆ. ಚಿಕ್ಕಮ್ಮನ ಪ್ರಕಾರ ಅವಳೇ ಫೋನಿನಲ್ಲಿ ಹೇಳಿಕೊಟ್ಟದ್ದು. ಇರಬಹುದು. ಓದಿದವಳೆಂಬ ಜಂಭಕ್ಕೆ ನೆನಪೂ ಒಂದಿಷ್ಟು ಸಹಾಯ ಮಾಡುತ್ತದೆ.

ಮುಂದಿನ ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು. ಏರಿಸಿದ್ದು ಮಾತ್ರೆಯೋ ಬೀಟ್ರೂಟೋ ಎಂದು ಕೇಳಿದೆ. “ಹೆಚ್ಚಿನದು ಮಾತ್ರೆಯೇ” ಎಂದು ನಕ್ಕರು. ನನಗೆ ಸ್ವಲ್ಪ ಬೇಸರವಾಯಿತು.

ಮಣಿಪಾಲದಿಂದ ಮರಳುವಾಗ, ಉಡುಪಿಯಲ್ಲಿ ಕಾಪು ಬಸ್ಸಿಗೆ ಕಾಯುತ್ತಿದ್ದಾಗ ಅಮ್ಮ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಹೆದರಿಕೆ ಆಗ್ತದಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಹೇಳಿದಳು:

“ರಕ್ತ ಆಯ್ತಲ್ಲ ಮಗಾ. ಇವತ್ತು ಸಾರಿಗೆ ಬರೀ ಪುನರ್ಪುಳಿ ಹಾಕು, ಆಯ್ತಾ?”